ಎರಡು ಮಿಲಿಮೀಟರ್

ಕ್ಲೆಮ್ ಪ್ಯಾಸ್ಕೊ ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ಕಾಳಗವನ್ನು ನಡುವೆ ನಿಲ್ಲಿಸಿದವನಲ್ಲ. ನಿಲ್ಲಿಸಬೇಕಾದ ಪ್ರಸಂಗವೇ ಬಾರದಂತೆ ಬೆಳಿಗ್ಗೆಯೇ ನೋಡಿಕೊಳ್ಳುವುದು ತನ್ನ ಕೆಲಸವೆಂದು ಅವನು ತಿಳಿದಿದ್ದ. ಆ ಕೆಲಸಕ್ಕೆ ಅವನಿಗೆ ಒಂದು ಮೇಜು ಮತ್ತು ಮೂರು ಸಾಮಾನು ಸಾಕಿದ್ದವು: ಮರದ ಕೊಡತಿ, ದಪ್ಪ ಅಳೆಯುವ ಉದ್ದ ತೋಳಿನ ಕ್ಯಾಲಿಪರ್, ಕಂದು ರಟ್ಟಿನ ಒಂದು ದಾಖಲೆ ಪುಸ್ತಕ.

ಅಂದು ಈಸ್ಟರ್ ಶನಿವಾರ. ವಿಕ್ಟೋರಿಯಾ ರಾಜ್ಯದ ಕ್ರೆಸಿಕ್ ಊರಿನಾಚೆ, ಆಲೂಗಡ್ಡೆಯ ಹೊಲಗಳ ನಡುವಿನ ಹುಲ್ಲುಗಾವಲಿನಲ್ಲಿ ಹಗ್ಗ ಎಳೆದು ಕಣ ಕಟ್ಟಿದ್ದರು. ವರ್ಷಕ್ಕೊಮ್ಮೆ ಅಲ್ಲಿ ಅರವತ್ತು ಎಪ್ಪತ್ತು ಜನ ಆರುನೂರು ವರ್ಷ ಹಿಂದಿನ ಯೋಧರ ವೇಷ ತೊಟ್ಟು ಎರಡು ಪಕ್ಷವಾಗಿ ಕಾದಾಡುತ್ತಾರೆ. ವೇಷ ಹಳೆಯ ಕಾಲದ್ದು. ಹೊಡೆತ ಮಾತ್ರ ನಿಜದ್ದೇ. ಕತ್ತಿಯ ಅಲಗು ಮೊಂಡಾಗಿರಬೇಕು, ಮುಖಕ್ಕೆ ತಿವಿಯಕೂಡದು, ಬಿದ್ದವರನ್ನು ಮುಟ್ಟಕೂಡದು. ಇಷ್ಟು ಬಿಟ್ಟರೆ ಉಕ್ಕು ಉಕ್ಕೇ, ಬೀಸುವ ತೋಳು ತೋಳೇ. ಆದ್ದರಿಂದ ಶಿರಸ್ತ್ರಾಣದ ನೆತ್ತಿಯಲ್ಲಿ ತಗಡಿನ ದಪ್ಪ ಒಂದೂವರೆ ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಅದು ಹಗ್ಗ ದಾಟುವಂತಿಲ್ಲ. ನಿಯಮ ಬರೆದವನು ಕ್ಲೆಮ್. ಬ್ಯಾಲರಾಟಿನ ರೈಲ್ವೆ ವರ್ಕ್‌ಷಾಪಿನಲ್ಲಿ ಮೂವತ್ತೆಂಟು ವರ್ಷ ತಗಡು ಬಡಿದು ನಿವೃತ್ತನಾದ ಅವನಿಗೆ ಈಗ ಎಪ್ಪತ್ತು ತುಂಬಿತ್ತು. ತಂಡದ ಹಳಬರು ತೊಡುವ ಶಿರಸ್ತ್ರಾಣಗಳಲ್ಲಿ ಹತ್ತೊಂಬತ್ತು ಅವನ ಕೈಯಿಂದಲೇ ಆದವು.

"ಒಂದು ಪಾಯಿಂಟ್ ನಾಲ್ಕು," ಎಂದು ಅವನು ಕ್ಯಾಲಿಪರನ್ನು ಹೊರತೆಗೆದ. "ಇದು ಆಗಲ್ಲ."

ಮೇಜಿನ ಎದುರು ನಿಂತಿದ್ದವಳು ವೆಸ್ನಾ ಕೊವಾಚ್. ಜೀಲಾಂಗ್ ಊರಿನವಳು, ಹಾಲಿನ ಟ್ಯಾಂಕರ್ ಓಡಿಸುವವಳು. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಈ ತಂಡಕ್ಕೆ ಅದೇ ವರ್ಷ ಸೇರಿದ್ದಳು. ಶಿರಸ್ತ್ರಾಣವನ್ನು ಹೊರದೇಶದಿಂದ ತರಿಸಿದ್ದಳು; ಅದರ ಹತ್ತಿಯ ಒಳಪದರಕ್ಕೆ ಹೊಲಿಗೆಯಿರಲಿಲ್ಲ, ಎಳೆದರೆ ಹೊರಬರುತ್ತಿತ್ತು.

"ಅಯ್ಯೋ ಯಜಮಾನ್ರೆ, ಕಮ್ಮಿ ಇರೋದು ಹತ್ತರಲ್ಲಿ ಒಂದು ಭಾಗ! ಒಂದು ಕೂದಲೆಳೆ!"

"ಆ ಕೂದಲು ನಿಮ್ಮ ತಲೇದೇ ಆಗಿರತ್ತೆ."

ಸಾಲಿನಲ್ಲಿ ನಿಂತವರು ನಕ್ಕರು. ವೆಸ್ನಾ ನಗಲಿಲ್ಲ.

"ಬೆಳಿಗ್ಗೆ ಐದಕ್ಕೆದ್ದು ಬಂದಿದೀನಿ ಕಣ್ರೀ."

"ನೀವು ಐದಕ್ಕೆದ್ರೆ ತಗಡು ದಪ್ಪ ಆಗಲ್ವಲ್ಲಮ್ಮ. ಮುಂದಿನೋರು ಬನ್ನಿ."

ವೆಸ್ನಾ ತನ್ನ ಶಿರಸ್ತ್ರಾಣವನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು, ಆದರೆ ಹೋಗಲಿಲ್ಲ. ಮುಂದಿನ ಸರದಿ ಟ್ಯಾಮ್ಸಿನ್ ಹ್ಯಾನ್ಲನ್‌ಳದು.

ಟ್ಯಾಮ್ಸಿನ್‌ಗೆ ಮೂವತ್ತೊಂದು ವರ್ಷ, ಆಸ್ಪತ್ರೆಯಲ್ಲಿ ನರ್ಸು. ಅವಳ ತಂದೆ ರಾಯ್ಸ್ ಈ ತಂಡವನ್ನು ಕಟ್ಟಿದವನು, ಕ್ಲೆಮ್‌ನ ಜೀವದ ಗೆಳೆಯ. ನಾಲ್ಕು ವರ್ಷಗಳ ಹಿಂದೆ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡಿದ್ದ. ಅಂದಿನಿಂದ ಬಟ್ಟೆ ಹೊದ್ದು ಕಪಾಟಿನ ಮೇಲಿದ್ದ ಅವನ ಶಿರಸ್ತ್ರಾಣ ಈ ದಿನ ಮಗಳ ಕೈಯಲ್ಲಿ ಬಂದಿತ್ತು. ಅವಳು ಅದನ್ನು ಎರಡು ಕೈಯಿಂದ ಮೇಜಿನ ಮೇಲಿಟ್ಟಳು. ಬೆಳಗಿನ ಬಿಸಿಲು ಅದರ ನೆತ್ತಿಗೆ ತಾಗಿ ಸಾಲಿನಲ್ಲಿದ್ದವರು ಕಣ್ಣು ಕಿರಿದು ಮಾಡಿದರು.

ಆ ಹೊಳಪು ತಂಡದಲ್ಲಿ ಹೆಸರಾಗಿತ್ತು. ಇವರಲ್ಲಿ ಒಂದು ಪದ್ಧತಿಯಿದೆ: ಕಳೆದ ವರ್ಷದ ಕಾಳಗದಲ್ಲಿ ಬಿದ್ದ ಕತ್ತಿಯ ಕಚ್ಚುಗಳನ್ನು ಈಸ್ಟರಿನೊಳಗೆ ಉಜ್ಜಿ ತೆಗೆದಿರಬೇಕು. ಕಚ್ಚು ಉಳಿಸಿಕೊಂಡು ಬಂದವನನ್ನು "ಏನಪ್ಪಾ, ಇಲಿ ಕಡಿದ ಬೆಣ್ಣೆ ತಂದಿದೀಯಾ?" ಎಂದು ಇಡೀ ದಿನ ಗೋಳುಹೊಯ್ದುಕೊಳ್ಳುತ್ತಾರೆ. ರಾಯ್ಸ್‌ನ ಶಿರಸ್ತ್ರಾಣ ಇಪ್ಪತ್ತೆರಡು ಈಸ್ಟರುಗಳಲ್ಲಿ ಒಂದೇ ಒಂದು ಕಚ್ಚನ್ನೂ ತೋರಿಸಿರಲಿಲ್ಲ. ಒಂದು ವರ್ಷ ಮ್ಯಾಗ್‌ಪೈ ಹಕ್ಕಿಯೊಂದು ಅದರಲ್ಲಿ ತನ್ನದೇ ಬಿಂಬ ಕಂಡು, ಬೇರೆ ಹಕ್ಕಿಯೆಂದು ಕುಕ್ಕಲು ಹೋಗಿತ್ತು. ರಾಯ್ಸ್‌ಗೆ ಆ ಕಥೆಯನ್ನು ಎಷ್ಟು ಸಲ ಹೇಳಿದರೂ ಸಾಲುತ್ತಿರಲಿಲ್ಲ. ಕೇಳುತ್ತ ಕ್ಲೆಮ್ ಕೂಡ ಒಳಗೊಳಗೇ ಹಿಗ್ಗುತ್ತಿದ್ದ. ಹೊಳಪು ರಾಯ್ಸ್‌ನದಾದರೂ ಉಕ್ಕು ತನ್ನದು.

"ಕ್ಲೆಮ್ ಮಾಮ, ಇದೆಷ್ಟು ಹಗುರ ಗೊತ್ತಾ!" ಎಂದಳು ಟ್ಯಾಮ್ಸಿನ್. "ಎಲ್ರೂ ಕತ್ತು ನೋವು, ಕತ್ತು ನೋವು ಅಂತಾರೆ. ನಂಗೆ ಟೋಪಿ ಹಾಕ್ಕೊಂಡ ಹಾಗಿದೆ."

"ತಲೇಗೆ ಸರಿಯಾಗಿ ಕೂತ್ರೆ ಭಾರ ಗೊತ್ತಾಗಲ್ಲ ಮಗಳೇ. ಅದೇ ಕೆಲಸ ಅನ್ನೋದು."

ಅವನು ಕೊಡತಿಯಿಂದ ನೆತ್ತಿಗೆ ಒಂದು, ಎಡಕ್ಕೊಂದು, ಬಲಕ್ಕೊಂದು ಮೆಲ್ಲಗೆ ತಟ್ಟಿದ. ಗದ್ದದ ಪಟ್ಟಿ ಎಳೆದು ನೋಡಿದ. ರಿವೆಟ್ಟುಗಳ ಮೇಲೆ ಹೆಬ್ಬೆರಳು ಆಡಿಸಿದ. ಪುಸ್ತಕ ತೆರೆದು ಲೇಖನಿ ಎತ್ತಿಕೊಂಡ.

"ಅದನ್ನ ಅಳೆಯಲ್ವಾ?" ಎಂದಿತು ಪಕ್ಕದಿಂದ ಒಂದು ದನಿ. ವೆಸ್ನಾ.

"ಇದು ನಾನೇ ಮಾಡಿದ್ದು."

"ಯಾರು ಮಾಡಿದ್ದು ಅಂತ ನಾನು ಕೇಳಿದ್ನಾ?"

ಕ್ಲೆಮ್ ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿದ. "ನೋಡಿ. ಮೊದಲನೇ ವರ್ಷ, ಹ್ಯಾನ್ಲನ್, ಎರಡು ಮಿಲಿಮೀಟರ್. ಎರಡನೇ ವರ್ಷ, ಎರಡು. ಮೂರನೇ ವರ್ಷ, ಎರಡು. ಕೊನೇವರೆಗೂ ಹಾಗೇ ಇದೆ. ಅಳೀಬೇಕು ಅಂದ್ರೆ ಒಳಗಿನ ಹತ್ತಿಯ ಹೊಲಿಗೆ ಎಲ್ಲ ಬಿಚ್ಚಬೇಕು. ಇವರಮ್ಮ ಹೊಲಿದಿರೋದು. ಉಕ್ಕೇನು ಬೆಲ್ಲಾನಾ, ಕರಗೋಕೆ?"

ವೆಸ್ನಾ ಭುಜ ಕುಣಿಸಿದಳು. "ನಿಮ್ಮ ಮೇಜು, ನಿಮ್ಮ ಪುಸ್ತಕ."

ಕ್ಲೆಮ್ ಬರೆದ: ಹ್ಯಾನ್ಲನ್, ೨.೦. ಕೆಳಗೆ ಸಹಿ ಹಾಕಿದ.

ಹಿಂದಿನ ದಿನ, ಗುಡ್ ಫ್ರೈಡೇ ಮಧ್ಯಾಹ್ನ, ರಾಯ್ಸ್‌ನ ಹೆಂಡತಿ ನೊರೀನ್ ತನ್ನ ಅಡುಗೆಮನೆಯಲ್ಲಿ ಮೀನು ಕರಿಯುತ್ತ, ಬೆನ್ನು ತಿರುಗಿಸಿಕೊಂಡೇ ಅವನನ್ನು ಕೇಳಿದ್ದಳು: "ನಿಜ ಹೇಳು ಕ್ಲೆಮ್. ಇವಳನ್ನ ಕಳಿಸಬಹುದಾ?" ಅವನು ಹೇಳಿದ್ದ: "ವಿಕ್ಟೋರಿಯಾ ರಾಜ್ಯದಲ್ಲಿ ಅದಕ್ಕಿಂತ ಭದ್ರವಾದ ತಲೆ ಇನ್ನೊಂದಿಲ್ಲ." ಅವಳು ಒಲೆ ಆರಿಸಿ, ಸರಿ ಹಾಗಾದರೆ ಎಂದಿದ್ದಳು. ಅವಳು ಒಪ್ಪಿದ್ದು ಆ ಒಂದು ಮಾತಿನ ಮೇಲೆ.

ಹನ್ನೊಂದು ಗಂಟೆಗೆ ನಗಾರಿ ಬಡಿಯಿತು. ಹಗ್ಗದ ಸುತ್ತ ಜನ ಮೂರು ಸಾಲಾಗಿ ನಿಂತರು. ನೊರೀನ್ ಫ್ಲಾಸ್ಕಿನಲ್ಲಿ ಚಹಾ, ಬಟ್ಟೆಯಲ್ಲಿ ಸುತ್ತಿದ ಈಸ್ಟರ್ ಬನ್ನು ಹಿಡಿದು ಮೇಜಿನ ಬಳಿಗೆ ಬಂದಳು. ಪರೀಕ್ಷೆ ಮುಗಿದಿತ್ತು; ಕ್ಲೆಮ್ ಕ್ಯಾಲಿಪರನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. ಕಣದ ಆ ತುದಿಯಲ್ಲಿ ಟ್ಯಾಮ್ಸಿನ್‌ಳನ್ನು ಹುಡುಕಬೇಕಾದ ಅಗತ್ಯವಿರಲಿಲ್ಲ. ಎಲ್ಲರ ನಡುವೆ ಅವಳ ತಲೆಯೊಂದೇ ದೀಪದಂತೆ ಬೆಳಗುತ್ತಿತ್ತು.

"ಅವನೇ ನಡ್ಕೊಂಡು ಹೋಗ್ತಿದ್ದ ಹಾಗಿದೆ," ಎಂದಳು ನೊರೀನ್.

"ರಾಯ್ಸ್‌ಗೆ ಇದ್ದ ತಾಳ್ಮೆ ನಂಗಿಲ್ಲಪ್ಪ. ಉಪ್ಪುಕಾಗದದಲ್ಲಿ ಆ ಹೊಳಪು ತರಬೇಕಾದ್ರೆ ಒಂದೊಂದು ಕಚ್ಚಿಗೆ ಒಂದೊಂದು ದಿನ ಬೇಕು."

"ಉಪ್ಪುಕಾಗದ ಎಲ್ಲಿ ಬಂತು?" ನೊರೀನ್ ಚಹಾ ಬಗ್ಗಿಸುತ್ತ ನಕ್ಕಳು. "ಅವನಿಗೆ ತಾಳ್ಮೆ? ಮಷೀನು ಕಣೋ. ಷೆಡ್ಡಲ್ಲಿ ಇಟ್ಕೊಂಡಿದ್ನಲ್ಲ, ಗರಗರ ತಿರುಗತ್ತೆ, ಕಿಡಿ ಹಾರತ್ತೆ, ಅದು. ಪ್ರತಿ ಚಳಿಗಾಲ ಎರಡು ಭಾನುವಾರ ಬಾಗಿಲು ಹಾಕ್ಕೊಂಡು ಕೂತ್ಕೊಳ್ಳೋನು. ನಿಂಗೆ ಹೇಳಬೇಡ ಅಂತಿದ್ದ. ಕೈಯಲ್ಲೇ ಉಜ್ಜಿದ್ದು ಅಂತ ನೀನು ತಿಳ್ಕೊಂಡಿರಲಿ ಅಂತ ಆಸೆ ಅವನಿಗೆ. ಆ ಕರಿ ಪುಡೀನ ಅವನ ಅಂಗಿಯಿಂದ ಒಗೆದು ಒಗೆದು ನನ್ನ ಕೈ ಸವೀತು."

ಕ್ಲೆಮ್‌ನ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಪ್ರತಿ ಚಳಿಗಾಲಾನಾ?"

"ಒಂದೂ ಬಿಟ್ಟಿಲ್ಲ. ಯಾಕೆ?"

ಅವನ ತಲೆಯಲ್ಲಿ ಲೆಕ್ಕ ಆಗಲೇ ಶುರುವಾಗಿತ್ತು. ಅವನು ಮಾಡಬೇಕೆಂದು ಮಾಡಿದ್ದಲ್ಲ, ತಾನಾಗಿಯೇ ನಡೆಯಿತು. ಕೈಯಿಂದ ಉಜ್ಜಿದರೆ ಉಕ್ಕಿಗೆ ಆಗುವ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಮಷೀನಿನಲ್ಲಿ ಹಾಗಲ್ಲ. ಒಂದು ಕಚ್ಚನ್ನು ಮಾಯ ಮಾಡಬೇಕಾದರೆ ಕಚ್ಚಿನ ಆಳದಷ್ಟು ಅದರ ಸುತ್ತಲಿನ ಉಕ್ಕನ್ನೆಲ್ಲ ಇಳಿಸಬೇಕು. ಒಂದು ಚಳಿಗಾಲಕ್ಕೆ, ತೀರ ಕಡಿಮೆಯೆಂದರೂ, ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ. ಚಳಿಗಾಲಗಳು ಇಪ್ಪತ್ತೆರಡು. ಹೋದದ್ದು ಒಂದು ಪಾಯಿಂಟ್ ಒಂದು. ಎರಡರಲ್ಲಿ ಒಂದು ಪಾಯಿಂಟ್ ಒಂದು ಕಳೆದರೆ ಉಳಿದದ್ದು ಸೊನ್ನೆ ಪಾಯಿಂಟ್ ಒಂಬತ್ತು.

ಅಲ್ಲಿಗೆ ನಿಲ್ಲಲಿಲ್ಲ. ಎರಡು ಎಂಬ ಅಂಕಿ ಎಲ್ಲಿಂದ ಬಂದದ್ದು? ಅದು ಹಾಳೆಯಾಗಿದ್ದಾಗಿನ ತಗಡಿನ ದಪ್ಪ. ಮೊದಲ ದಿನ ಅವನು ಅಳೆದದ್ದು ಅಂಚಿನಲ್ಲಿ. ಚಪ್ಪಟೆ ಹಾಳೆಯನ್ನು ಬಡಿದು ಬಟ್ಟಲು ಮಾಡುವಾಗ ನೆತ್ತಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ತೆಳ್ಳಗಾಗುತ್ತದೆ. ಇದನ್ನು ಅವನು ಎಷ್ಟೋ ಜನರಿಗೆ ಕಲಿಸಿದ್ದ. ಆ ನೆತ್ತಿ ಹುಟ್ಟಿದ ದಿನವೇ ಎರಡಿರಲಿಲ್ಲ. ಒಂದು ಪಾಯಿಂಟ್ ಏಳು ಇದ್ದಿರಬೇಕು. ಒಂದು ಪಾಯಿಂಟ್ ಏಳರಲ್ಲಿ ಒಂದು ಪಾಯಿಂಟ್ ಒಂದು ಕಳೆದರೆ ಸೊನ್ನೆ ಪಾಯಿಂಟ್ ಆರು.

ಬಿಸ್ಕತ್ತಿನ ಡಬ್ಬಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಇನ್ನೂ ಒಂದು ಮಾತು ಉಳಿದಿತ್ತು. ಕಚ್ಚು ಎಲ್ಲಿ ಬೀಳುತ್ತದೆ? ಬಲಗೈಯವರು ಬೀಸಿದ ಕತ್ತಿ ಎಲ್ಲಿ ಬೀಳುತ್ತದೋ ಅಲ್ಲಿ: ನೆತ್ತಿಯ ಎಡಭಾಗ, ಹುಬ್ಬಿನ ಮೇಲೆ. ರಾಯ್ಸ್ ಕಿವಿಯ ಮೇಲಿನ ಉಕ್ಕನ್ನು ಸವೆಸಿರಲಿಲ್ಲ, ಹಿಂದಲೆಯ ಉಕ್ಕನ್ನು ಸವೆಸಿರಲಿಲ್ಲ. ಹೊಡೆತ ಬೀಳುವ ಜಾಗವನ್ನೇ ಆರಿಸಿ ಆರಿಸಿ, ಇಪ್ಪತ್ತೆರಡು ವರ್ಷ, ತೆಳ್ಳಗೆ ಮಾಡಿಟ್ಟಿದ್ದ.

ಕಣದಲ್ಲಿ ಎರಡು ಸಾಲು ಒಂದಕ್ಕೊಂದು ಡಿಕ್ಕಿ ಹೊಡೆದವು.

"ನಿಲ್ಲಿಸಿ!" ಎಂದ ಕ್ಲೆಮ್. ಅದು ಕೂಗಾಗಿರಲಿಲ್ಲ, ಗಂಟಲಿನಲ್ಲಿ ಮಾಡಿದ ಸದ್ದು. ನಗಾರಿ ಬಡಿಯುತ್ತಿತ್ತು, ಜನ ಅರಚುತ್ತಿದ್ದರು, ಅರವತ್ತು ಗುರಾಣಿಗಳ ಮೇಲೆ ಅರವತ್ತು ಕತ್ತಿ ಬೀಳುತ್ತಿದ್ದವು. ನೊರೀನ್ ಅವನ ಮುಖ ನೋಡಿದಳು.

"ಕ್ಲೆಮ್? ಏನಾಯ್ತು? ಏ ಕ್ಲೆಮ್!"

ಅವನು ಓಡಿದ. ಓಡಿ ಹತ್ತು ವರ್ಷವಾಗಿತ್ತು. ಜನರ ನಡುವೆ ಭುಜ ತೂರಿಸಿ ಹಗ್ಗದ ಬಳಿಗೆ ಬರುವಷ್ಟರಲ್ಲಿ ಏದುಸಿರು ಹತ್ತಿ, ಕೂಗಲು ಉಸಿರೇ ಉಳಿದಿರಲಿಲ್ಲ. ಕಣದ ಒಳಗೆ ಹೊರಗಿನ ಕೂಗು ಕೇಳಿಸುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅದಕ್ಕೆಂದೇ ಅವನೇ ಇನ್ನೊಂದು ನಿಯಮ ಬರೆದಿದ್ದ. ಹಗ್ಗದ ಒಳಗೆ ಉಕ್ಕು ತೊಡದ ತಲೆಯೊಂದು ಕಂಡರೆ, ಕಂಡವರು ಯಾರಾದರೂ ಸರಿ, "ಬರಿದಲೆ!" ಎಂದು ಕೂಗಬೇಕು. ಕೇಳಿದವರೆಲ್ಲ ಅದನ್ನೇ ಕೂಗುತ್ತ, ಕತ್ತಿಯನ್ನು ನೆಲಕ್ಕಿಟ್ಟು ಒಂದು ಮೊಣಕಾಲೂರಬೇಕು. ಆ ನಿಯಮ ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ಬಳಕೆಗೆ ಬಂದಿರಲಿಲ್ಲ.

ಕ್ಲೆಮ್ ಉಣ್ಣೆಯ ಟೋಪಿಯನ್ನು ಕಿತ್ತು ಎಸೆದ. ಹಗ್ಗದ ಕೆಳಗೆ ಬಗ್ಗಿ ಒಳಗೆ ಕಾಲಿಟ್ಟ. ನೆರೆತ ತಲೆಯನ್ನು ಎತ್ತಿಕೊಂಡು, ಎರಡೂ ಕೈ ಮೇಲೆ ಮಾಡಿ, ಕತ್ತಿಗಳ ಕಡೆಗೆ ನಡೆದ.

ಮೊದಲು ಕಂಡವಳು ವೆಸ್ನಾ. ಕಣಕ್ಕೆ ಇಳಿಯಲು ಬಿಡದೆ ಅವನೇ ತಡೆದಿದ್ದ ಅವಳು ಹಗ್ಗದ ಪಕ್ಕದಲ್ಲಿ ಪೆಟ್ಟಿಗೆಯ ಮೇಲೆ ಕುಳಿತು ಮಾಂಸದ ಪೈ ತಿನ್ನುತ್ತಿದ್ದಳು. ಪೈ ಹುಲ್ಲಿಗೆ ಬಿತ್ತು.

"ಬರಿದಲೆ!"

ಹೆದ್ದಾರಿಯ ಗಾಳಿಯಲ್ಲಿ ಪಳಗಿದ ಗಂಟಲು ಅದು. ಹತ್ತಿರದ ನಾಲ್ವರು ತಿರುಗಿ ನೋಡಿದರು. "ಬರಿದಲೆ!" ಎಂದರು. ನಾಲ್ವರು ಕುಸಿದು ಮೊಣಕಾಲೂರಿದರು. ಹತ್ತು ಜನ ಕುಸಿದರು. ಗಾಳಿಗೆ ಪೈರು ಬಾಗಿದಂತೆ ಕೂಗು ಈ ತುದಿಯಿಂದ ಆ ತುದಿಗೆ ಸಾಗುತ್ತಿತ್ತು, ಅದು ಹೋದ ಕಡೆಯೆಲ್ಲ ಜನ ತಗ್ಗುತ್ತಿದ್ದರು. ಆ ತುದಿಯಲ್ಲಿ ಹೊಳೆಯುವ ತಲೆ ಇನ್ನೂ ನಿಂತಿತ್ತು. ಅದರ ಎದುರು ಕೆಂಪು ಅಂಗಿಯ ಎತ್ತರದ ಆಸಾಮಿಯೊಬ್ಬ ಕೂಗು ತಲುಪುವ ಮೊದಲೇ ಕತ್ತಿಯನ್ನು ಎತ್ತಿಯಾಗಿತ್ತು. ಎತ್ತಿದ ಕತ್ತಿ ಇಳಿಯಿತು.

ಉಕ್ಕಿನ ಮೇಲೆ ಉಕ್ಕು ಬಿದ್ದರೆ ಬರುವ ಸದ್ದು ಕ್ಲೆಮ್‌ಗೆ ಮೂವತ್ತೆಂಟು ವರ್ಷದ ಪರಿಚಯ. ಇದು ಆ ಸದ್ದಲ್ಲ. ಖಾಲಿ ಡಬ್ಬಿಯನ್ನು ಯಾರೋ ಕಾಲಿನಿಂದ ತುಳಿದಂತೆ ಇತ್ತು.

ನಗಾರಿ ನಿಂತಿತು. ಅರವತ್ತು ಜನ ಮೊಣಕಾಲೂರಿದ್ದರು, ಟ್ಯಾಮ್ಸಿನ್ ಕೂಡ. ಅವಳು ನಿಯಮದಂತೆ ಕುಳಿತಳೋ, ಬಿದ್ದಳೋ, ಅಷ್ಟು ದೂರದಿಂದ ತಿಳಿಯುವಂತಿರಲಿಲ್ಲ. ಕ್ಲೆಮ್ ಅವಳ ತನಕ ನಡೆದ ಎಂಬತ್ತು ಹೆಜ್ಜೆಗಳನ್ನು ಎಣಿಸಿದ.

"ಟ್ಯಾಮ್ಸಿನ್."

ಅವನು ಅವಳ ಎದುರು ಕುಕ್ಕರುಗಾಲಲ್ಲಿ ಕುಳಿತ.

"ಮಗಳೇ."

"ಯಾರದು ಬರಿದಲೆ?" ಎಂದಿತು ಉಕ್ಕಿನ ಒಳಗಿನಿಂದ ಒಂದು ದನಿ. "ನಾನು ಗೆಲ್ತಾ ಇದ್ದೆ."

ಕೆಂಪಂಗಿಯವನು ಕೈಗವಸು ಕಳಚಿ ಅವಳ ಗದ್ದದ ಪಟ್ಟಿ ಬಿಚ್ಚಿದ. ಶಿರಸ್ತ್ರಾಣ ಮೇಲಕ್ಕೆ ಬರಲಿಲ್ಲ. ಒಳಕ್ಕೆ ಕುಸಿದ ತಗಡು ಹತ್ತಿಯ ಕುಲಾವಿಯನ್ನು ಕಚ್ಚಿಕೊಂಡಿತ್ತು. ಅಲುಗಿಸಿ, ಓರೆ ಮಾಡಿ ಎಳೆದಾಗ ಬಂತು. ಅವಳ ಎಡ ಹುಬ್ಬಿನ ಮೇಲೆ ಕೋಳಿಮೊಟ್ಟೆಯ ಗಾತ್ರದ ಬಾವು ಆಗಲೇ ಎದ್ದಿತ್ತು. ಅದರ ನಡುವೆ ಒಂದು ಸಣ್ಣ ಸೀಳು; ರಕ್ತ ಮೂಗಿನ ಬದಿಗೆ ಇಳಿಯುತ್ತಿತ್ತು.

"ನಾನು ಜೋರಾಗಿ ಹೊಡೀಲಿಲ್ಲ," ಎಂದ ಕೆಂಪಂಗಿಯವನು. ಅವನ ತುಟಿ ಬೆಳ್ಳಗಾಗಿತ್ತು. "ದೇವರಾಣೆ, ಯಾವಾಗ್ಲೂ ಹೊಡೆಯೋ ಹಾಗೇ ಹೊಡೆದೆ. ಕತ್ತಿ ಒಳಗೇ ಹೋಯ್ತು. ಒಳಗೇ ಹೋಗಿಬಿಡ್ತು."

"ನಿನ್ನ ತಪ್ಪಿಲ್ಲಪ್ಪ," ಎಂದ ಕ್ಲೆಮ್.

ಪ್ರಥಮ ಚಿಕಿತ್ಸೆಯವರು ಸ್ಟ್ರೆಚರ್ ತಂದರು. ಟ್ಯಾಮ್ಸಿನ್ ಅದನ್ನು ಬೇಡವೆಂದಳು. ಎದ್ದು ನಿಂತಳು, ಓಲಾಡಿದಳು, ಆಮೇಲೆ ಮಲಗಿದಳು. ತನ್ನ ಕಣ್ಣಿಗೆ ಬೆಳಕು ಬಿಟ್ಟು ಪಾಪೆಗಳೆರಡೂ ಒಂದೇ ಅಳತೆಯಲ್ಲಿವೆಯೇ ನೋಡಿರೆಂದು ಅವರಿಗೆ ಅವಳೇ ಹೇಳಿಕೊಟ್ಟಳು. ಒಂದೇ ಅಳತೆಯಲ್ಲಿದ್ದವು. ಪಟ್ಟಣದ ಆಸ್ಪತ್ರೆಗೆ ಕರೆದೊಯ್ದು ತಲೆಯ ಚಿತ್ರ ತೆಗೆಸಬೇಕು, ಅಲ್ಲಿಯವರೆಗೆ ನಿದ್ದೆ ಮಾಡಕೂಡದು ಎಂದರು. ನೊರೀನ್ ಅವಳ ಕೈ ಹಿಡಿದುಕೊಂಡೇ ಗಾಡಿಯ ತನಕ ನಡೆದಳು. ಹತ್ತುವ ಮುನ್ನ ತಿರುಗಿ ಕ್ಲೆಮ್‌ನ ಕಡೆ ಒಮ್ಮೆ ನೋಡಿದಳು.

ಅವನು ಶಿರಸ್ತ್ರಾಣವನ್ನು ಹೊತ್ತು ಮೇಜಿಗೆ ಮರಳಿದ. ಕೈಗೆ ಭಾರವೇ ಇರಲಿಲ್ಲ. ಬೆಳಿಗ್ಗೆ ಇದೇ ವಸ್ತುವನ್ನು ಇದೇ ಕೈಗಳಲ್ಲಿ ಎತ್ತಿ ತಿರುಗಿಸಿದ್ದನಲ್ಲ, ಆ ಹುಡುಗಿ ಹಗುರವೆಂದು ಬಾಯಿಬಿಟ್ಟು ಹೇಳಿದ್ದಳಲ್ಲ, ಅದಕ್ಕೆ ಅವನು ತನ್ನನ್ನೇ ಹೊಗಳಿಕೊಂಡಿದ್ದ. ಜೇಬಿನಿಂದ ಚಾಕು ತೆಗೆದು ನೊರೀನ್ ಹಾಕಿದ್ದ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದ. ಹನ್ನೆರಡು ಹೊಲಿಗೆ. ಅಷ್ಟೇ ಇದ್ದದ್ದು, ಎರಡು ನಿಮಿಷದ ಕೆಲಸ. ಹತ್ತಿಯ ಪದರ ಹೊರಬಂತು.

ಕ್ಯಾಲಿಪರ್ ಎತ್ತಿಕೊಂಡು ನಗ್ಗಿನ ಬಳಿಗೆ ತಂದ, ಮತ್ತೆ ಹಿಂದಕ್ಕೆ ತೆಗೆದ. ಎದುರಿಗೆ ಯಾರೋ ಬಂದು ನಿಂತರು. ವೆಸ್ನಾ.

"ಕೊಡಿ ಇಲ್ಲಿ."

ಅವನು ಕೊಟ್ಟ. ಅವಳು ನಗ್ಗಿನ ಪಕ್ಕದಲ್ಲಿ ತೋಳು ತೂರಿಸಿ, ಹಿಡಿದು, ಓದಿದಳು. ಓದಿದ್ದನ್ನು ನಂಬದೆ ಮತ್ತೊಮ್ಮೆ ಹಿಡಿದಳು.

"ಸೊನ್ನೆ ಪಾಯಿಂಟ್ ಆರು," ಎಂದಳು. ಅವಳ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. "ಇಲ್ಲಿ ಇನ್ನೂ ಕಮ್ಮಿ. ಅರ್ಧ."

ಲೆಕ್ಕ ಸರಿಬಂದಿತ್ತು. ತನ್ನ ಲೆಕ್ಕ ತಪ್ಪಾಗಿರಲಿ ಎಂದು ಕ್ಲೆಮ್ ಬದುಕಿನಲ್ಲಿ ಮೊದಲ ಬಾರಿ ಹಾರೈಸಿದ್ದ.

ಅವಳು ಹೆಬ್ಬೆರಳನ್ನು ನೆತ್ತಿಯ ಮೇಲಿಟ್ಟು, ನಗ್ಗಿಲ್ಲದ ಜಾಗದಲ್ಲಿ, ಮೆಲ್ಲಗೆ ಒತ್ತಿದಳು. ಉಕ್ಕು ಟಕ್ಕೆಂದು ಒಳಕ್ಕೆ ಹೋಯಿತು. ಬೆರಳು ತೆಗೆದಳು, ಟಕ್ಕೆಂದು ಹೊರಕ್ಕೆ ಬಂತು. ಇಬ್ಬರೂ ಕೈ ಹಿಂದಕ್ಕೆಳೆದುಕೊಂಡರು, ಬಿಸಿ ತಾಗಿದವರ ಹಾಗೆ.

"ಇದರಲ್ಲಿ ಅವಳ ತಂದೆ ಕೊನೇ ಸಲ ಹೋರಾಡಿದ್ದು ಯಾವಾಗ?" ಎಂದು ವೆಸ್ನಾ ಕೇಳಿದಳು.

"ನಾಲ್ಕು ವರ್ಷದ ಹಿಂದೆ."

"ಆಗ್ಲೂ ನೀವು ಸಹಿ ಹಾಕಿದ್ರಿ."

"ಹಾಕಿದ್ದೆ."

ಅಂದಿನ ಕಾಳಗ ಅವನಿಗೆ ನೆನಪಿತ್ತು. ರಾಯ್ಸ್ ಎರಡು ಗಂಟೆ ಕಣದಲ್ಲಿದ್ದ. ತಲೆಗೆ ಹನ್ನೊಂದು ಹೊಡೆತ ಬಿದ್ದವೆಂದು ಆಮೇಲೆ ಇಬ್ಬರೂ ಬಿಯರ್ ಹಿಡಿದು ಎಣಿಸಿ ನಕ್ಕಿದ್ದರು. ಆ ಹನ್ನೊಂದೂ ಇಷ್ಟೇ ತೆಳುವಿನ ತಗಡಿನ ಮೇಲೆ, ಬಹುಶಃ ಓರೆಯಾಗಿ, ಬಹುಶಃ ಅದೃಷ್ಟದಿಂದ. ಅದರ ಮುಂದಿನ ಚಳಿಗಾಲದಲ್ಲಿ, ಸಾಯುವ ಮೊದಲು, ರಾಯ್ಸ್ ಆ ಹನ್ನೊಂದು ಕಚ್ಚುಗಳನ್ನೂ ತೆಗೆದಿದ್ದ.

ಕ್ಲೆಮ್ ಪುಸ್ತಕ ತೆರೆದ. ಬೆಳಿಗ್ಗೆ ಬರೆದ ಸಾಲನ್ನು ಒಂದೇ ಗೆರೆಯಿಂದ ಹೊಡೆದುಹಾಕಿ, ಅದರ ಮೇಲೆ ಬರೆದ: ೦.೫. ಅಳೆದವರು, ವೆಸ್ನಾ ಕೊವಾಚ್. ಆಮೇಲೆ ಪುಟ ತಿರುವಿದ. ಹಿಂದಿನ ವರ್ಷಗಳ ಹ್ಯಾನ್ಲನ್ ಎಂಬ ಹೆಸರಿನ ಮುಂದೆ ಇದ್ದ ಇಪ್ಪತ್ತೆರಡು ಎರಡುಗಳನ್ನೂ ಒಂದೊಂದಾಗಿ ಹೊಡೆದ. ಅವುಗಳ ಮೇಲೆ ಬರೆಯಲು ಅವನ ಬಳಿ ಅಂಕಿ ಇರಲಿಲ್ಲ. ನೆತ್ತಿ ಅಳೆಯಲಿಲ್ಲ, ಎಂದು ಬರೆದ. ಇಪ್ಪತ್ತೆರಡು ಸಲ ಬರೆದ.

ಹಳಬರು ಬಂದು ಸುತ್ತ ನಿಂತಿದ್ದರು. ಪ್ರತಿಯೊಬ್ಬರ ಕಂಕುಳಲ್ಲೂ ಉಜ್ಜಿ ಬೆಳಗಿದ ಶಿರಸ್ತ್ರಾಣವಿತ್ತು.

"ಮಷೀನು ಯಾರ್ಯಾರ ಮನೇಲಿದೆ?" ಎಂದು ಕೇಳಿದ ಕ್ಲೆಮ್.

ಮೊದಲು ಒಂದು ಕೈ ಎದ್ದಿತು. ಆಮೇಲೆ ಮೂರು. ಆಮೇಲೆ ಅವನು ಎಣಿಸುವುದನ್ನು ನಿಲ್ಲಿಸಿದ.

"ಎಲ್ಲದರ ಹೊಲಿಗೆ ಬಿಚ್ಚಿ. ಮೊದಲು ನಂದು." ಅವನು ಬೆಂಚಿನ ಕೆಳಗಿನಿಂದ ತನ್ನದನ್ನು ತೆಗೆದು ವೆಸ್ನಾಳ ಮುಂದಿಟ್ಟ. "ನೀವು ಅಳೀರಿ. ನಾನು ಬರೀತೀನಿ. ಯಾರು ಮಾಡಿದ್ದು ಅಂತ ಕೇಳಬೇಡಿ."

ಕ್ಲೆಮ್‌ನದು ಒಂದು ಪಾಯಿಂಟ್ ಆರು. ಅವನ ಕೈಯಿಂದಾದ ಹತ್ತೊಂಬತ್ತರಲ್ಲಿ ರಾಯ್ಸ್‌ನದೂ ಸೇರಿ ಹನ್ನೆರಡು ಆ ಮಧ್ಯಾಹ್ನ ಪಕ್ಕಕ್ಕೆ ಹೋದವು. ಅವುಗಳಲ್ಲಿ ಏಳು ವೆಸ್ನಾಳದಕ್ಕಿಂತ ತೆಳುವಾಗಿದ್ದವು. ಅವಳು ಅದನ್ನು ಎತ್ತಿ ಆಡಲಿಲ್ಲ, ಅವನು ಗಮನಿಸಿದ. ಕಾಳಗ ಮತ್ತೆ ನಡೆಯಲಿಲ್ಲ. ಜನ ಗೊಣಗುತ್ತ ಕಾರುಗಳತ್ತ ನಡೆದರು.

ನಾಲ್ಕು ಗಂಟೆಗೆ ನೊರೀನ್ ಮರಳಿ ಬಂದಳು. ಟ್ಯಾಮ್ಸಿನ್‌ಗೆ ಮೂಳೆ ಮುರಿದಿಲ್ಲ, ಒಳಗೆ ರಕ್ತ ಸೋರಿಲ್ಲ, ಐದು ಹೊಲಿಗೆ ಹಾಕಿದ್ದಾರೆ, ನಾಳೆಯವರೆಗೆ ಅಲ್ಲೇ ಇಟ್ಟುಕೊಳ್ಳುತ್ತಾರೆ ಎಂದಳು. ನಿಂತುಕೊಂಡೇ ಹೇಳಿದಳು, ವರದಿ ಒಪ್ಪಿಸುವವಳ ಹಾಗೆ. ಆಮೇಲೆ ಕೇಳಿದಳು:

"ನಿನ್ನೆ ನನ್ನ ಅಡುಗೆಮನೇಲಿ ಕೂತು ಏನಂದೆ?"

"ಅದಕ್ಕಿಂತ ಭದ್ರವಾದ ತಲೆ ಇಲ್ಲ ಅಂದೆ."

"ಅಳೆದು ಹೇಳಿದ್ಯಾ?"

"ಇಲ್ಲ ನೊರೀನ್."

"ಮತ್ತೆ?"

"ಪುಸ್ತಕ ನೋಡಿ ಹೇಳಿದೆ. ಪುಸ್ತಕದಲ್ಲಿ ಬರೆದೋನು ನಾನೇ."

ಅವಳು ಬೆಂಚಿನ ಮೇಲೆ ಕುಳಿತಳು. ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ನಾನು ಒಗೀತಿದ್ದೆ," ಎಂದಳು. "ವರ್ಷಾ ವರ್ಷಾ ಒಗೀತಿದ್ದೆ. ನೀರು ಕಪ್ಪಗಾಗೋದು. ಅದು ಏನು ಅಂತ ಒಂದು ಸಲಾನೂ ಯೋಚನೆ ಮಾಡಲಿಲ್ಲ. ಅವನ ತಲೇನೇ ಚರಂಡೀಗೆ ಚೆಲ್ತಾ ಇದ್ದೆ."

ಕ್ಲೆಮ್ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟ.

ಮೇಜಿನ ಮೇಲೆ ಶಿರಸ್ತ್ರಾಣ ಇನ್ನೂ ಹೊಳೆಯುತ್ತಿತ್ತು, ನಗ್ಗಿನ ಒಳಗೂ. ಅದರ ಮೇಲೆಲ್ಲ ಬೆರಳಚ್ಚು ಬಿದ್ದಿದ್ದವು: ಕೆಂಪಂಗಿಯವನದು, ವೆಸ್ನಾಳದು, ಅವನದು. ಅಂಚಿನಲ್ಲಿ ಒಣಗಿದ ರಕ್ತದ ಒಂದು ಗೆರೆಯಿತ್ತು. ಉಕ್ಕಿನ ಮೇಲೆ ಬೆವರು ಒಂದು ರಾತ್ರಿ ನಿಂತರೂ ತುಕ್ಕು ಹಿಡಿಯುತ್ತದೆ. ಕ್ಲೆಮ್‌ನ ಬಲಗೈ, ಅವನಿಗೆ ಅರಿವೇ ಇಲ್ಲದೆ, ಎಣ್ಣೆ ಬಟ್ಟೆಯನ್ನು ಎತ್ತಿಕೊಂಡು ನೆತ್ತಿಯನ್ನು ಒರೆಸಲು ಹೊರಟಿತ್ತು.

"ಮುಟ್ಟಬೇಡ ಅದನ್ನ!" ಎಂದು ನೊರೀನ್ ಕಿರುಚಿದಳು.

ಕೈ ಗಾಳಿಯಲ್ಲೇ ನಿಂತಿತು. ಅವನು ಆ ಕೈಯನ್ನೇ, ಅದು ಬೇರೆ ಯಾರದೋ ಎನ್ನುವಂತೆ, ಬಹಳ ಹೊತ್ತು ನೋಡಿದ.